ದ್ರಾಕ್ಷಿ ತೋಟದ ಜಂತುಹುಳು: ಬೇರು ತೊಳೆದು ನೋಡುವುದರಿಂದ ರೂಟ್‌ಸ್ಟಾಕ್ ಆರಿಸುವವರೆಗೆ

ಬಳ್ಳಿ ಸೊರಗಿತು ಅಂದರೆ ಮೊದಲು ಗೊಬ್ಬರ ಹಾಕುತ್ತೇವೆ. ಆಮೇಲೆ ನೀರು ಜಾಸ್ತಿ ಬಿಡುತ್ತೇವೆ. ಅದಕ್ಕೂ ಬಗ್ಗದಿದ್ದರೆ ಎಲೆಗೆ ಏನಾದರೂ ಸಿಂಪಡಿಸುತ್ತೇವೆ. ಬೇರು ಅಗೆದು ನೋಡುವುದು ಎಲ್ಲ ಮುಗಿದ ಮೇಲೆ. ಜಂತುಹುಳುವಿಗೆ, ಅಂದರೆ ನೆಮಟೋಡ್ ಎಂಬ ಮಣ್ಣಿನ ಪುಟ್ಟ ಹುಳುವಿಗೆ, ಬೇಕಾಗಿರುವುದೂ ಇದೇ. ನಾವು ಎಲೆ ನೋಡುತ್ತಾ ಕೂತ ಅಷ್ಟೂ ಕಾಲ ಅದು ಬೇರಿನಲ್ಲಿ ಸಂಸಾರ ಬೆಳೆಸುತ್ತಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಳ್ಳಿ ನೆಟ್ಟು ಬೆಳೆದ ತೋಟದಿಂದ ಜಂತುಹುಳುವನ್ನು ಪೂರ್ತಿ ಓಡಿಸಲು ಆಗುವುದಿಲ್ಲ. ಹಾಗೆ ಮಾಡುವ ಔಷಧಿ ಇಲ್ಲ, ಗೊಬ್ಬರವೂ ಇಲ್ಲ. ನಿಮ್ಮ ಕೈಯಲ್ಲಿ ನಿಜವಾದ ಹಿಡಿತ ಇರುವುದು ನೆಡುವ ಮುಂಚಿನ ಒಂದೆರಡು ವರ್ಷಗಳಲ್ಲಿ. ಆಮೇಲೆ ಮಾಡುವುದೆಲ್ಲ ಹುಳುವಿಗಿಂತ ಬೇರು ಒಂದು ಹೆಜ್ಜೆ ಮುಂದಿರುವಂತೆ ನೋಡಿಕೊಳ್ಳುವ ಕೆಲಸ. ಹಾಗಾಗಿ ಹೊಸ ತೋಟ ಮಾಡುವವರು ಈ ಲೇಖನದ ನಡುವಿನ ಭಾಗವನ್ನು ನಿಧಾನವಾಗಿ ಓದಿ. ತೋಟ ಈಗಾಗಲೇ ಇರುವವರಿಗೆ ಮೊದಲ ಮೂರು ಹಂತ ಮತ್ತು ಕೊನೆಯ ಮೂರು ಹಂತ ಮುಖ್ಯ.

ಯಾವ ಹುಳು, ಏನು ಮಾಡುತ್ತದೆ

ಜಂತುಹುಳುಗಳು ಮಣ್ಣಿನಲ್ಲಿ ನೂರಾರು ಬಗೆ. ಅದರಲ್ಲಿ ಹೆಚ್ಚಿನವು ಬಳ್ಳಿಗೆ ಏನೂ ಮಾಡುವುದಿಲ್ಲ. ಬ್ಯಾಕ್ಟೀರಿಯ, ಶಿಲೀಂಧ್ರ ತಿಂದುಕೊಂಡು ಮಣ್ಣಿಗೆ ಉಪಕಾರವನ್ನೇ ಮಾಡುತ್ತವೆ. ಬೇರನ್ನು ಕಾಡುವವು ಕೆಲವೇ. ಅವುಗಳ ಬಾಯಲ್ಲಿ ಸೂಜಿಯಂಥ ಒಂದು ಅಂಗ ಇರುತ್ತದೆ. ಅದರಿಂದ ಬೇರಿನ ಕೋಶ ಚುಚ್ಚಿ ರಸ ಹೀರುತ್ತವೆ.

ದ್ರಾಕ್ಷಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಬೇರುಗಂಟು ಜಂತುಹುಳು, ಅಂದರೆ ಮೆಲಾಯ್ಡೊಗೈನಿ ಕುಲದ್ದು. ಇದರ ಮರಿ ಅರ್ಧ ಮಿಲಿಮೀಟರ್ ಕೂಡ ಉದ್ದ ಇರುವುದಿಲ್ಲ. ಬೇರಿನ ತುದಿಯಿಂದ ಒಳಗೆ ನುಗ್ಗಿ ಒಂದು ಜಾಗ ಹಿಡಿಯುತ್ತದೆ. ಸುತ್ತಲಿನ ಕೆಲವು ಕೋಶಗಳನ್ನು ದೈತ್ಯ ಕೋಶಗಳನ್ನಾಗಿ ಬದಲಿಸಿ ಅಲ್ಲೇ ಕೂತು ಉಣ್ಣುತ್ತದೆ. ಬಳ್ಳಿ ಎಲೆಯಲ್ಲಿ ಮಾಡಿದ ಸಕ್ಕರೆ ಗೊಂಚಲಿಗೆ ಹೋಗುವ ಬದಲು ಇಲ್ಲಿಗೆ ಇಳಿಯುತ್ತದೆ. ಮಣ್ಣು 27 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೆಚ್ಚಗಿದ್ದರೆ ಮೊಟ್ಟೆಯಿಂದ ಮೊಟ್ಟೆಗೆ ಸುಮಾರು 25ರಿಂದ 30 ದಿನ ಸಾಕು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಇನ್ನೂ ಒಂದು ತೊಂದರೆ ಇದೆ. ಇನ್‌ಕಾಗ್ನಿಟಾ, ಜವಾನಿಕಾ, ಅರೆನೇರಿಯಾ ಎಂಬ ಮೂರು ಮುಖ್ಯ ಪ್ರಭೇದಗಳಲ್ಲೂ ಹೆಣ್ಣಿಗೆ ಗಂಡು ಬೇಕಿಲ್ಲ. ಬೇರಿಗೆ ಒಂದೇ ಒಂದು ಮರಿ ಹೊಕ್ಕರೂ ಸಂತಾನ ಶುರುವಾಗುತ್ತದೆ.

ಎರಡನೆಯದು ಡ್ಯಾಗರ್ ಜಂತುಹುಳು, ಕ್ಸಿಫಿನೆಮಾ. ಇದು ಬೇರಿನ ಒಳಗೆ ಹೋಗುವುದಿಲ್ಲ, ಹೊರಗಿನಿಂದಲೇ ಉದ್ದನೆಯ ಸೂಜಿ ಚುಚ್ಚುತ್ತದೆ. ಇದರಲ್ಲಿ ಇಂಡೆಕ್ಸ್ ಎಂಬ ಪ್ರಭೇದ ಫ್ಯಾನ್‌ಲೀಫ್ ವೈರಸ್ ಹೊತ್ತು ತಿರುಗುತ್ತದೆ. ಜಂತುಹುಳು ಗಿಡಕ್ಕೆ ವೈರಸ್ ಹರಡುತ್ತದೆ ಎಂದು ಮೊದಲ ಬಾರಿ ಸಾಬೀತಾಗಿದ್ದೂ ಇದೇ ಹುಳುವಿನಲ್ಲಿ, 1958ರಲ್ಲಿ. ಫ್ಯಾನ್‌ಲೀಫ್ ಬಂದ ಬಳ್ಳಿಗೆ ಮದ್ದಿಲ್ಲ. ಆದ್ದರಿಂದ ಈ ಹುಳುವಿನ ಲೆಕ್ಕವೇ ಬೇರೆ. ಬೇರುಗಂಟಿನ ಹುಳು ಸ್ವಲ್ಪ ಇದ್ದರೆ ಸಹಿಸಬಹುದು. ವೈರಸ್ ಇರುವ ತೋಟದಲ್ಲಿ ಇಂಡೆಕ್ಸ್ ಕೆಲವೇ ಇದ್ದರೂ ಸಹಿಸಲಾಗದು.

ಇವಲ್ಲದೆ ಬೇರಿನ ಸಿಪ್ಪೆಯೊಳಗೆ ಓಡಾಡಿ ಕಪ್ಪು ಗಾಯ ಮಾಡುವ ಪ್ರಾಟಿಲೆಂಕಸ್, ಹೊರಗಿನಿಂದ ಹೀರುವ ರಿಂಗ್ ಜಂತುಹುಳು, ಸಿಟ್ರಸ್ ಜಂತುಹುಳು, ರೆನಿಫಾರ್ಮ್ ಇವೆ. ಇವು ಗಂಟು ಮಾಡುವುದಿಲ್ಲ. ಗಂಟಿಲ್ಲ ಅಂದ ಮಾತ್ರಕ್ಕೆ ಹುಳು ಇಲ್ಲ ಎಂದು ನಂಬಬಾರದು.

ಹಂತ 1: ತೋಟವನ್ನು ದೂರದಿಂದ ನೋಡಿ

ಜಂತುಹುಳು ತೋಟಕ್ಕೆಲ್ಲ ಒಂದೇ ಸಮನೆ ಹರಡಿರುವುದಿಲ್ಲ. ಅಲ್ಲಲ್ಲಿ ತೇಪೆ ತೇಪೆಯಾಗಿ ಬಳ್ಳಿ ಸೊರಗುತ್ತದೆ. ಮರಳು ಮಣ್ಣಿನ ಪಟ್ಟಿ ಹಾದುಹೋದ ಕಡೆ ಜಾಸ್ತಿ, ಜಿಗಟು ಮಣ್ಣಿನ ಕಡೆ ಕಡಿಮೆ. ಬೇರುಗಂಟು ಹುಳುವಿಗೆ ಮರಳು ಮಣ್ಣು ತುಂಬಾ ಇಷ್ಟ. ನೀರು ಹರಿಯುವ ದಿಕ್ಕಿಗೋ ಉಳುಮೆಯ ದಿಕ್ಕಿಗೋ ತೇಪೆ ಉದ್ದವಾಗುತ್ತಾ ಹೋಗಿದ್ದರೆ ಅನುಮಾನ ಬಲವಾಗುತ್ತದೆ. ಹುಳು ತಾನೇ ತೆವಳಿದರೆ ವರ್ಷಕ್ಕೆ ಹೆಚ್ಚೆಂದರೆ ಮೀಟರ್‌ನಷ್ಟು ದೂರ. ಅದನ್ನು ಸಾಗಿಸುವುದು ನೀರು, ಮಣ್ಣು ಅಂಟಿದ ಉಪಕರಣ, ಸೋಂಕಿನ ಸಸಿ.

ಬಳ್ಳಿಯಲ್ಲಿ ಏನು ಕಾಣುತ್ತದೆ? ಕುಡಿ ಗಿಡ್ಡ, ಎಲೆ ಚಿಕ್ಕದು, ಪೋಷಕಾಂಶದ ಕೊರತೆಯಂತೆ ಹಳದಿ. ಮಧ್ಯಾಹ್ನ ಪಕ್ಕದ ಬಳ್ಳಿ ನಿಗುರಿ ನಿಂತಿದ್ದರೆ ಇದು ಜೋತು ಬಿದ್ದಿರುತ್ತದೆ. ಮುಖ್ಯವಾಗಿ, ಸತ್ತ ಬಳ್ಳಿಯ ಜಾಗದಲ್ಲಿ ಮತ್ತೆ ನೆಟ್ಟ ಸಸಿ ಏಳುವುದೇ ಇಲ್ಲ. ಒಂದೇ ಗುಂಡಿಯಲ್ಲಿ ಸಸಿ ಮತ್ತೆ ಮತ್ತೆ ಸಾಯುತ್ತಿದ್ದರೆ ಇನ್ನೊಂದು ಸಸಿ ತರುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಫ್ಯಾನ್‌ಲೀಫ್ ಲಕ್ಷಣ ಬೇರೆ. ಎಲೆ ಬಿಚ್ಚಿದ ಬೀಸಣಿಗೆಯ ಆಕಾರಕ್ಕೆ ಬರುತ್ತದೆ, ಕೆಲವೊಮ್ಮೆ ಹಳದಿ ಮಚ್ಚೆ ಇರುತ್ತದೆ. ಕಡ್ಡಿ ಅಂಕುಡೊಂಕು, ಗೆಣ್ಣುಗಳು ಹತ್ತಿರ ಹತ್ತಿರ, ಕೆಲವು ಕಡೆ ಜೋಡಿ ಗೆಣ್ಣು. ಗೊಂಚಲಿನಲ್ಲಿ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ದೊಡ್ಡ ಕಾಯಿಯ ನಡುವೆ ಸಾಸಿವೆಯಷ್ಟು ಪುಟ್ಟ ಕಾಯಿ ಉಳಿದುಬಿಡುತ್ತವೆ. ಇಂಥ ಬಳ್ಳಿ ಕಂಡರೆ ಗುರುತು ಕಟ್ಟಿ, ಎಲೆಯನ್ನು ವೈರಸ್ ಪರೀಕ್ಷೆಗೂ ಮಣ್ಣನ್ನು ಜಂತುಹುಳು ಪರೀಕ್ಷೆಗೂ ಕಳಿಸಿ. ಒಂದು ಮಾಡಿಸಿ ಇನ್ನೊಂದು ಬಿಟ್ಟರೆ ಉಪಯೋಗ ಇಲ್ಲ.

ಹಂತ 2: ಬೇರು ತೊಳೆದು ನೋಡಿ

ಪೂರ್ತಿ ಸತ್ತ ಬಳ್ಳಿಯ ಬುಡ ಅಗೆಯಬೇಡಿ. ಅಲ್ಲಿ ಹುಳುವಿಗೆ ಊಟ ಮುಗಿದು ಸಂಖ್ಯೆ ಇಳಿದಿರುತ್ತದೆ. ಸೊರಗಲು ಶುರುವಾದ, ಇನ್ನೂ ಜೀವ ಇರುವ ಬಳ್ಳಿ ಆರಿಸಿ. ತೇಪೆಯ ಅಂಚಿನ ಬಳ್ಳಿ ಆದರೆ ಒಳ್ಳೆಯದು. ಡ್ರಿಪ್ ನೀರು ಬೀಳುವ ಜಾಗದಲ್ಲಿ, ಬುಡದಿಂದ ಒಂದು ಗೇಣು ಆಚೆ, ಸಲಿಕೆ ಇಳಿಸಿ. ಬೇರು ಹಿಡಿದು ಎಳೆಯಬೇಡಿ. ಎಳೆದರೆ ದಪ್ಪ ಬೇರು ಕೈಗೆ ಬರುತ್ತದೆ, ನಮಗೆ ಬೇಕಾದ ಕೂದಲೆಳೆಯಂಥ ಬೇರು ಮಣ್ಣಲ್ಲೇ ಉಳಿಯುತ್ತದೆ. ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಿಗೆ ಇಳಿಸಿ. ಹತ್ತು ನಿಮಿಷ ನೆನೆಯಲು ಬಿಡಿ. ಮೆಲ್ಲಗೆ ಅಲ್ಲಾಡಿಸಿದರೆ ಮಣ್ಣು ತಾನೇ ಬಿಡುತ್ತದೆ.

ತೊಳೆದ ಬೇರನ್ನು ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರಿನಲ್ಲಿ ತೇಲಿಸಿ, ಬಿಸಿಲಿಗೆ ಹಿಡಿದು ನೋಡಿ. ಟೊಮೆಟೊ ಬೇರಿನ ದೊಡ್ಡ ಗಂಟು ನೋಡಿದವರು ಇಲ್ಲೂ ಅಂಥದ್ದನ್ನೇ ಹುಡುಕಿ, ಕಾಣದೆ ಸಮಾಧಾನ ಪಟ್ಟುಕೊಳ್ಳುತ್ತಾರೆ. ದ್ರಾಕ್ಷಿಯಲ್ಲಿ ಗಂಟು ಬಹಳ ಚಿಕ್ಕದು, ಸಾಮಾನ್ಯವಾಗಿ 2–3 ಮಿಲಿಮೀಟರ್. ದಾರಕ್ಕೆ ಪೋಣಿಸಿದ ಮಣಿಯಂತೆ ಸಣ್ಣ ಬೇರಿನ ಉದ್ದಕ್ಕೂ ಇರುತ್ತವೆ. ಹಲವು ಹುಳು ಒಂದೇ ಕಡೆ ಸೇರಿದರೆ ಬೇರು ಉದ್ದಕ್ಕೆ ಊದಿಕೊಂಡಂತೆ ಕಾಣುತ್ತದೆ. ಒಂದು ಗಂಟನ್ನು ಬ್ಲೇಡಿನಿಂದ ಸೀಳಿ, 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಒಳಗೆ ಮುತ್ತಿನಂತೆ ಹೊಳೆಯುವ ಬಿಳಿ ಚುಕ್ಕೆ ಇದ್ದರೆ ಅದೇ ಹೆಣ್ಣು ಹುಳು. ಗಂಟಿನ ಮೇಲೆ ಕಂದು ಬಣ್ಣದ ಅಂಟಿನ ಹನಿಯಂಥದ್ದು ಕಂಡರೆ ಅದು ಮೊಟ್ಟೆಯ ಚೀಲ. ಫ್ಲಾಕ್ಸಿನ್ ಬಿ ಎಂಬ ಬಣ್ಣ ಸಿಕ್ಕರೆ ಲೀಟರ್ ನೀರಿಗೆ 0.15 ಗ್ರಾಂ ಕಲಸಿ ಬೇರನ್ನು 15–20 ನಿಮಿಷ ಅದ್ದಿಡಿ. ಮೊಟ್ಟೆ ಚೀಲಗಳು ಕೆಂಪಾಗಿ ಎದ್ದು ಕಾಣುತ್ತವೆ.

ಫಿಲಾಕ್ಸೆರಾ ಎಂಬ ಕೀಟವೂ ಬೇರಿನಲ್ಲಿ ಊತ ಮಾಡುತ್ತದೆ. ಅದರ ಊತ ಬೇರಿನ ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ, ಹಳದಿ ಬಣ್ಣದ ಪುಟ್ಟ ಕೀಟಗಳು ಮಸೂರದಲ್ಲಿ ಹೊರಗೇ ಕಾಣುತ್ತವೆ. ಸಾಲಿನ ನಡುವೆ ದ್ವಿದಳ ಬೆಳೆ ಇದ್ದರೆ ಅದರ ಬೇರು ಬೆರೆತು ಬಂದಿರಬಹುದು. ದ್ವಿದಳದ ಬೇರಿನಲ್ಲಿರುವ ಸಾರಜನಕದ ಗಂಟನ್ನು ಬೆರಳಲ್ಲಿ ಉಜ್ಜಿದರೆ ಕಳಚಿ ಬರುತ್ತದೆ. ಜಂತುಹುಳುವಿನ ಗಂಟು ಬೇರಿನದೇ ಭಾಗ, ಕಳಚುವುದಿಲ್ಲ. ಡ್ಯಾಗರ್ ಹುಳು ಹೀರಿದ ಬೇರಿನ ತುದಿ ಊದಿ ಬಾಗಿರುತ್ತದೆ, ಮುಂದೆ ಬೆಳೆಯುವುದಿಲ್ಲ. ಫಿಲಾಕ್ಸೆರಾ ಮಾಡಿದ ತುದಿಗೂ ಇದಕ್ಕೂ ಕಣ್ಣು ಮೋಸ ಹೋಗುವುದುಂಟು. ಹಾಗಾಗಿ ತುದಿ ಊದಿದ್ದರೆ ಮಸೂರ ಹಿಡಿದು ಕೀಟ ಇದೆಯೇ ಎಂದು ಹುಡುಕಲೇಬೇಕು.

ಮಸೂರ ಇಲ್ಲದವರಿಗೂ ಒಂದು ದಾರಿ ಇದೆ. ಅನುಮಾನದ ಜಾಗದ ಮಣ್ಣನ್ನು ಒಂದೆರಡು ಕುಂಡಕ್ಕೆ ತುಂಬಿ, ರೋಗ ನಿರೋಧಕ ಅಲ್ಲದ ಟೊಮೆಟೊ ಸಸಿ ನೆಡಿ. ಬೆಚ್ಚಗಿನ ಜಾಗದಲ್ಲಿ ಆರೇಳು ವಾರ ಬೆಳೆಸಿ, ಬೇರು ತೊಳೆಯಿರಿ. ಬೇರುಗಂಟು ಹುಳು ಇದ್ದರೆ ಟೊಮೆಟೊ ಬೇರು ಅದನ್ನು ದೊಡ್ಡದಾಗಿ ತೋರಿಸಿಬಿಡುತ್ತದೆ. ಹೊಸ ಜಮೀನು ಕೊಳ್ಳುವ ಮುಂಚೆಯೂ ಇದನ್ನು ಮಾಡಬಹುದು. ಡ್ಯಾಗರ್, ರಿಂಗ್ ಹುಳುಗಳು ಮಾತ್ರ ಇದರಲ್ಲಿ ಸಿಗುವುದಿಲ್ಲ.

ಹಂತ 3: ಮಣ್ಣಿನ ಮಾದರಿ ತೆಗೆಯುವುದು

ಪ್ರಯೋಗಾಲಯದ ವರದಿ ಎಷ್ಟು ಚೆನ್ನಾಗಿರುತ್ತದೆ ಎನ್ನುವುದು ನೀವು ತೆಗೆದ ಮಣ್ಣಿನ ಮೇಲೆ ನಿಂತಿದೆ. ಗೊಬ್ಬರದ ಪರೀಕ್ಷೆಗೆ ತೆಗೆಯುವ ಹಾಗೆ ಮೇಲಿನ ಒಣ ಮಣ್ಣು ಕೆರೆದು ಕಳಿಸಿದರೆ ಹುಳು ಸಿಗುವುದಿಲ್ಲ.

ತೋಟವನ್ನು ಮಣ್ಣಿನ ಬಗೆ, ಬಳ್ಳಿಯ ವಯಸ್ಸು, ರೂಟ್‌ಸ್ಟಾಕ್ (ಮೇಲಿನ ತಳಿಯನ್ನು ಕಸಿ ಕಟ್ಟುವ ಬೇರಿನ ಗಿಡ) ನೋಡಿ ಭಾಗ ಮಾಡಿಕೊಳ್ಳಿ. ಸೊರಗಿದ ಭಾಗದ್ದು ಒಂದು ಮಾದರಿ, ಚೆನ್ನಾಗಿರುವ ಭಾಗದ್ದು ಇನ್ನೊಂದು. ಎರಡನ್ನೂ ಹೋಲಿಸಿದರೆ ಮಾತ್ರ ಹುಳುವೇ ಕಾರಣವೋ ಅಲ್ಲವೋ ತಿಳಿಯುತ್ತದೆ. ಪ್ರತಿ ಭಾಗದಲ್ಲಿ 10ರಿಂದ 20 ಕಡೆ, ಡ್ರಿಪ್ ತೊಟ್ಟಿಕ್ಕುವ ತೇವದ ಜಾಗದಲ್ಲೇ ಆಗರ್ (ಮಣ್ಣು ಕೊರೆದು ತೆಗೆಯುವ ಉಪಕರಣ) ಇಳಿಸಿ. ಮೇಲಿನ ಒಣ ಪದರ ಪಕ್ಕಕ್ಕೆ ಸರಿಸಿ, ಅಲ್ಲಿಂದ 45–60 ಸೆಂಟಿಮೀಟರ್ ಆಳದವರೆಗೆ ತೆಗೆಯಿರಿ. ಸಣ್ಣ ಬೇರು ಬರಲೇಬೇಕು. ಬೇರಿಲ್ಲದ ಕಡೆ ಹುಳುವೂ ಕಡಿಮೆ. ಡ್ಯಾಗರ್ ಅನುಮಾನ ಇದ್ದರೆ ಇನ್ನೂ ಆಳದ ಒಂದು ಮಾದರಿ ಬೇರೆಯಾಗಿ ತೆಗೆಯಿರಿ, ಅದು ಹಳೆಯ ಬೇರಿನ ಹಿಂದೆ ಆಳಕ್ಕೆ ಇಳಿದಿರುತ್ತದೆ.

ಎಲ್ಲವನ್ನೂ ಬಕೆಟ್‌ನಲ್ಲಿ ಮೆಲ್ಲಗೆ ಬೆರೆಸಿ, ಒಂದು ಕೆಜಿಯಷ್ಟು ಮಣ್ಣು ಮತ್ತು ಒಂದು ಹಿಡಿ ಸಣ್ಣ ಬೇರನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಇಲ್ಲಿ ನೆನಪಿಡಬೇಕಾದದ್ದು: ಒಳಗಿರುವುದು ಜೀವ ಇರುವ ಹುಳು. ಹೆಚ್ಚಿನ ಪ್ರಯೋಗಾಲಯಗಳು ಅದು ತೆವಳಿ ಬಂದರೆ ಮಾತ್ರ ಎಣಿಸುತ್ತವೆ. ಬಿಸಿಲಲ್ಲಿ ನಿಂತ ವಾಹನದೊಳಗೆ ಚೀಲ ಒಂದು ಗಂಟೆ ಇದ್ದರೂ ಹುಳು ಬೆಂದು ಹೋಗುತ್ತದೆ, ವರದಿಯಲ್ಲಿ ಸೊನ್ನೆ ಬರುತ್ತದೆ. ಫ್ರೀಜರ್‌ನಲ್ಲೂ ಇಡಬೇಡಿ. ನೆರಳು, ತಂಪು ಡಬ್ಬಿ, ಎರಡು ಮೂರು ದಿನದೊಳಗೆ ಪ್ರಯೋಗಾಲಯ. ಚೀಟಿ ಚೀಲದ ಹೊರಗೆ ಅಂಟಿಸಿ. ಒಳಗೆ ಹಾಕಿದರೆ ತೇವಕ್ಕೆ ಅಳಿಸಿಹೋಗುತ್ತದೆ.

ಪ್ರತಿ ವರ್ಷ ಒಂದೇ ತಿಂಗಳಲ್ಲಿ ಮಾದರಿ ತೆಗೆಯಿರಿ. ಹುಳುವಿನ ಸಂಖ್ಯೆ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಬೇಸಿಗೆಯ ಸಂಖ್ಯೆಗೂ ಚಳಿಗಾಲದ ಸಂಖ್ಯೆಗೂ ಹೋಲಿಕೆ ಸಲ್ಲದು.

ವರದಿ ಬಂದಾಗ ಒಟ್ಟು ಸಂಖ್ಯೆ ನೋಡಿ ಗಾಬರಿ ಬೇಡ. ಯಾವ ಪ್ರಭೇದ ಎಂದು ನೋಡಿ. ಪ್ರಯೋಗಾಲಯ ಕುಲದ ಹೆಸರು ಮಾತ್ರ ಕೊಟ್ಟಿದ್ದರೆ ಪ್ರಭೇದವನ್ನೂ ಹೇಳುವಂತೆ ಕೇಳಿ, ಡ್ಯಾಗರ್ ವಿಷಯದಲ್ಲಂತೂ ಕೇಳಲೇಬೇಕು. ಒಂದೊಂದು ಪ್ರಯೋಗಾಲಯದ ವಿಧಾನ ಒಂದೊಂದು. ಆದ್ದರಿಂದ ಎರಡು ಕಡೆಯ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಡಿ, ಒಂದೇ ಕಡೆ ಮಾಡಿಸುತ್ತಾ ಹೋಗಿ.

ಹಂತ 4: ಮರು ನೆಡುವ ಮುಂಚೆ ಹಳೇ ಬೇರು ಸಾಯಬೇಕು

ಹಳೆಯ ದ್ರಾಕ್ಷಿ ಕಿತ್ತು ಅದೇ ಜಾಗದಲ್ಲಿ ಮರುವರ್ಷವೇ ದ್ರಾಕ್ಷಿ ನೆಡುವುದು ಜಂತುಹುಳುವಿಗೆ ಎಳೆ ಬೇರನ್ನು ಬಡಿಸಿದಂತೆಯೇ. ಬಳ್ಳಿ ಕಿತ್ತರೂ ಆಳದಲ್ಲಿ ಬೇರಿನ ತುಂಡು ವರ್ಷಗಟ್ಟಲೆ ಜೀವಂತ ಇರುತ್ತದೆ. ಹುಳು ಅದನ್ನೇ ತಿಂದುಕೊಂಡು ಕಾಯುತ್ತದೆ. ಡ್ಯಾಗರ್ ಇಂಡೆಕ್ಸ್ ಅಂತೂ ವೈರಸ್ ಹೊತ್ತುಕೊಂಡೇ ಹಲವು ವರ್ಷ ಬದುಕಿರುತ್ತದೆ.

ಹಾಗಾಗಿ ಕೀಳುವ ಮುಂಚೆಯೇ ಬೇರು ಸಾಯಿಸುವುದು ಸರಿಯಾದ ಕ್ರಮ. ಕೊನೆಯ ಕೊಯ್ಲು ಮುಗಿದು ಎಲೆ ಇನ್ನೂ ಹಸಿರಾಗಿರುವಾಗ, ಬಳ್ಳಿ ಸಕ್ಕರೆಯನ್ನು ಬೇರಿಗೆ ಇಳಿಸುತ್ತಿರುವ ಹೊತ್ತಿನಲ್ಲಿ, ಬೇರಿನವರೆಗೆ ಇಳಿಯುವ ಕಳೆನಾಶಕವನ್ನು ಎಲೆಗೆ ಸಿಂಪಡಿಸುತ್ತಾರೆ. ಇಲ್ಲವೇ ಕಾಂಡ ಕಡಿದ ತಕ್ಷಣ ಹಸಿ ಗಾಯಕ್ಕೆ ಬಳಿಯುತ್ತಾರೆ. ಗ್ಲೈಫೋಸೇಟ್ ಇದಕ್ಕೆ ಬಳಕೆಯಲ್ಲಿದೆ. ನಿಮ್ಮಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದು ಮೊದಲು ನೋಡಿ. ಬಳಿದು ಎರಡು ತಿಂಗಳಾದರೂ ಬಿಟ್ಟು, ಆಮೇಲೆ ಬುಡ ಸಮೇತ ಕಿತ್ತು, ಆಳ ಉಳುಮೆ ಮಾಡಿ, ಮೇಲೆ ಬಂದ ಬೇರನ್ನೆಲ್ಲ ಆಯ್ದು ಹೊರಗೆ ಹಾಕಿ.

ಆಮೇಲೆ ಭೂಮಿಗೆ ಬಿಡುವು. ಬೇರುಗಂಟು ಹುಳು ಮಾತ್ರ ಇದ್ದರೆ ಒಂದೆರಡು ವರ್ಷದ ಬಿಡುವು ಸಂಖ್ಯೆಯನ್ನು ಚೆನ್ನಾಗಿ ಇಳಿಸುತ್ತದೆ. ಫ್ಯಾನ್‌ಲೀಫ್ ಇದ್ದ ತೋಟಕ್ಕೆ ಅಷ್ಟು ಸಾಲದು. ಅಲ್ಲಿ ನನ್ನ ಸಲಹೆ ಒಂದೇ: ಸಾಧ್ಯವಾದರೆ ಆ ತುಂಡಿನಲ್ಲಿ ಹಲವು ವರ್ಷ ಬೇರೆ ಬೆಳೆ ಬೆಳೆಯಿರಿ.

ಬಿಡುವು ಅಂದರೆ ಸುಮ್ನೆ ಕಳೆ ಬೆಳೆಯಲು ಬಿಡುವುದಲ್ಲ. ಅಗಲ ಎಲೆಯ ಎಷ್ಟೋ ಕಳೆಗಳು ಬೇರುಗಂಟು ಹುಳುವಿಗೆ ಮನೆ. ಟೊಮೆಟೊ, ಬದನೆ, ಬೆಂಡೆ, ಸೌತೆ ಬೆಳೆದರಂತೂ ಹುಳುವನ್ನು ಸಾಕಿದಂತೆ. ಅಪ್ಸೆಣಬು ಬೇರುಗಂಟು ಹುಳುವಿಗೆ ಒಗ್ಗದ ಬೆಳೆ, ಜೊತೆಗೆ ಹಸಿರೆಲೆ ಗೊಬ್ಬರವೂ ಆಗುತ್ತದೆ. ಚೆಂಡು ಹೂವಿನ ಬೇರಿನಲ್ಲಿ ಹುಳುವಿಗೆ ವಿಷವಾಗುವ ಪದಾರ್ಥ ಇದೆ. ಆದರೆ ಅಂಚಿನಲ್ಲಿ ನಾಲ್ಕು ಗಿಡ ನೆಟ್ಟರೆ ಏನೂ ಆಗುವುದಿಲ್ಲ. ಇಡೀ ಜಾಗಕ್ಕೆ ಒತ್ತಾಗಿ ಬಿತ್ತಿ, ಎರಡು ಮೂರು ತಿಂಗಳು ಬೆಳೆಸಬೇಕು. ತಳಿಗೆ ತಳಿ, ಹುಳುವಿಗೆ ಹುಳು ಫಲ ಬದಲಾಗುತ್ತದೆ.

ಸಾಸಿವೆಯನ್ನು ಹಸಿಯಾಗಿ ಮಣ್ಣಿಗೆ ಸೇರಿಸಿದರೆ ಅದರ ಘಾಟು ಅನಿಲವೇ ಹುಳುವನ್ನು ಕೊಲ್ಲುತ್ತದೆ. ಕ್ರಮ ತಪ್ಪಿದರೆ ಮಾತ್ರ ಏನೂ ಸಿಗದು. ಹೂ ತುಂಬಿದಾಗ ನುಣ್ಣಗೆ ಕತ್ತರಿಸಬೇಕು, ಕತ್ತರಿಸಿದ ಕೆಲವೇ ನಿಮಿಷದಲ್ಲಿ ಮಣ್ಣಿಗೆ ಮಗುಚಬೇಕು, ತಕ್ಷಣ ನೀರು ಕೊಟ್ಟು ಮೇಲ್ಪದರ ಮುಚ್ಚಬೇಕು. ಮಧ್ಯಾಹ್ನದವರೆಗೆ ಹಾಗೇ ಬಿದ್ದಿದ್ದರೆ ಅನಿಲ ಗಾಳಿಗೆ ಹೋಗಿರುತ್ತದೆ. ಸಾಸಿವೆ ನಿಂತಿರುವಷ್ಟು ದಿನ ಅದರ ಬೇರಿನಲ್ಲೇ ಬೇರುಗಂಟು ಹುಳು ಬೆಳೆಯಬಹುದು. ಆದ್ದರಿಂದ ಮಣ್ಣು ತಂಪಾಗಿರುವ ಕಾಲದಲ್ಲಿ ಬೆಳೆಸುವುದು ಒಳ್ಳೆಯದು.

ಪಾರದರ್ಶಕ ಪಾಲಿಥಿನ್ ಹಾಸಿ ಬಿಸಿಲಿಗೆ ಮಣ್ಣು ಕಾಯಿಸುವುದು ನರ್ಸರಿ ಮಡಿಗೆ ಬಹಳ ಒಳ್ಳೆಯದು. ಮಣ್ಣು ತೇವ ಇರಬೇಕು, ಕಡು ಬೇಸಿಗೆ ಇರಬೇಕು, 4ರಿಂದ 6 ವಾರ ಬಿಡಬೇಕು. ತೋಟಕ್ಕೆ ಇದೊಂದನ್ನೇ ನಂಬಬೇಡಿ, ಕಾವು ಇಳಿಯುವುದು ಹೆಚ್ಚೆಂದರೆ ಒಂದಡಿ. ದ್ರಾಕ್ಷಿ ಬೇರು ಅದಕ್ಕಿಂತ ಎಷ್ಟೋ ಆಳ ಹೋಗುತ್ತದೆ.

ಹಂತ 5: ರೂಟ್‌ಸ್ಟಾಕ್ ಆಯ್ಕೆ

ಇಡೀ ಕೆಲಸದಲ್ಲಿ ಒಂದೇ ಒಂದನ್ನು ಸರಿಯಾಗಿ ಮಾಡಲು ಸಾಧ್ಯ ಎಂದರೆ ಇದನ್ನೇ ಮಾಡಿ. ನಾವು ತಿನ್ನುವ, ವೈನ್ ಮಾಡುವ ವಿನಿಫೆರಾ ದ್ರಾಕ್ಷಿಗಳು ಸ್ವಂತ ಬೇರಿನ ಮೇಲೆ ಬೇರುಗಂಟು ಹುಳುವಿಗೆ ಸುಲಭದ ತುತ್ತು. ಕಾಡು ದ್ರಾಕ್ಷಿಗಳಿಂದ ಬಂದ ಕೆಲವು ರೂಟ್‌ಸ್ಟಾಕ್‌ಗಳಲ್ಲಿ ಹುಳು ಬೇರಿಗೆ ಹೊಕ್ಕರೂ ಉಣ್ಣುವ ಜಾಗ ಕಟ್ಟಿಕೊಳ್ಳಲು ಆಗುವುದಿಲ್ಲ. ಸುತ್ತಲಿನ ಕೋಶಗಳೇ ಸತ್ತು ಹುಳುವನ್ನು ಉಪವಾಸ ಕೆಡವುತ್ತವೆ.

ನರ್ಸರಿಯವರ ಹತ್ತಿರ ಮಾತಾಡುವಾಗ ಒಂದು ವಿಷಯ ಬಿಡಿಸಿ ಕೇಳಿ. ‘ತಡೆದುಕೊಳ್ಳುತ್ತದೆ’ ಅಂದರೆ ಎರಡು ಅರ್ಥ. ಹುಳುವನ್ನು ಬೆಳೆಯಲು ಬಿಡದ ರೂಟ್‌ಸ್ಟಾಕ್ ಒಂದು ಬಗೆ. ಹುಳು ಬೆಳೆದರೂ ತಾನು ಜೋರಾಗಿ ಬೆಳೆದು ನಿಭಾಯಿಸುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಬಳ್ಳಿ ಚೆನ್ನಾಗೇ ಇರುತ್ತದೆ, ಮಣ್ಣಲ್ಲಿ ಹುಳು ಮಾತ್ರ ವರ್ಷ ವರ್ಷ ಜಾಸ್ತಿಯಾಗುತ್ತದೆ. ಮುಂದೊಂದು ವರ್ಷ ನೀರು ಕಡಿಮೆಯಾದಾಗ ಅದರ ಲೆಕ್ಕ ಚುಕ್ತಾ ಆಗುತ್ತದೆ.

ಬೇರುಗಂಟು ಹುಳು ಇರುವ ಮರಳು ಮಣ್ಣಿಗೆ ಬಹಳ ಕಾಲದಿಂದ ಬಳಸುವುದು ಡಾಗ್‌ರಿಡ್ಜ್ ಮತ್ತು ರಾಮ್ಸೆ. ರಾಮ್ಸೆಗೆ ಸಾಲ್ಟ್ ಕ್ರೀಕ್ ಎಂಬ ಹೆಸರೂ ಇದೆ. ಎರಡೂ ಭಾರಿ ಶಕ್ತಿಯವು. ಬಡ ಮರಳಿನಲ್ಲಿ ಆ ಶಕ್ತಿ ಬೇಕು. ಫಲವತ್ತಾದ ಮಣ್ಣಿನಲ್ಲಿ ಅದೇ ಶಕ್ತಿ ಎಲೆಗೆ ಹೋಗಿ, ಚಪ್ಪರದೊಳಗೆ ನೆರಳು ಕವಿದು, ಹೂ ಕಚ್ಚುವುದು ಕಡಿಮೆಯಾಗುತ್ತದೆ. ಎರಡರ ಕಡ್ಡಿಯೂ ಬೇರು ಬಿಡುವುದು ಕಷ್ಟ, ನರ್ಸರಿಯಲ್ಲಿ ಸಸಿ ಕಡಿಮೆ ಸಿಗುತ್ತದೆ. ಸಿಕ್ಕಿದ್ದನ್ನು ನೆಟ್ಟುಬಿಡೋಣ ಎನ್ನುವ ಬದಲು ಒಂದು ವರ್ಷ ಮುಂಚೆ ಹೇಳಿಟ್ಟು ಮಾಡಿಸಿಕೊಳ್ಳಿ.

ಹಾರ್ಮೊನಿ, ಫ್ರೀಡಂ ಎರಡೂ ಅಮೆರಿಕದ ಕೃಷಿ ಇಲಾಖೆ ಬೇರುಗಂಟು ಹುಳುವಿಗಾಗಿಯೇ ತಂದ ರೂಟ್‌ಸ್ಟಾಕ್‌ಗಳು. ಎಷ್ಟೋ ಕಡೆ ಚೆನ್ನಾಗಿ ಕೆಲಸ ಮಾಡಿವೆ. ಆದರೆ ಒಂದೇ ರೂಟ್‌ಸ್ಟಾಕ್ ದಶಕಗಟ್ಟಲೆ ಇದ್ದ ಕಡೆ, ಅದರ ತಡೆಯನ್ನು ಮುರಿಯುವ ಹುಳುವಿನ ಗುಂಪುಗಳು ಎದ್ದಿವೆ. ಹಳೆಯ ತೋಟ ಹಾರ್ಮೊನಿಯದ್ದಾಗಿದ್ದು ಅದರ ಬೇರಲ್ಲೇ ಗಂಟು ಕಂಡಿದ್ದರೆ ಅದೇ ಜಾತಿಯನ್ನು ಮತ್ತೆ ತರಬೇಡಿ. ಇವೆರಡರಲ್ಲೂ ವಿನಿಫೆರಾ ರಕ್ತ ಬೆರೆತಿರುವುದರಿಂದ ಫಿಲಾಕ್ಸೆರಾ ಇರುವ ಮಣ್ಣಿಗೂ ಯೋಚಿಸಿ ಹಾಕಬೇಕು.

ಫ್ಯಾನ್‌ಲೀಫ್ ಮತ್ತು ಇಂಡೆಕ್ಸ್ ಎರಡೂ ಇರುವ ಕಡೆ ಓ39-16 ಎಂಬ ರೂಟ್‌ಸ್ಟಾಕ್ ಬಳಸುತ್ತಾರೆ. ವಿನಿಫೆರಾಗೂ ಮಸ್ಕಡೈನ್ ದ್ರಾಕ್ಷಿಗೂ ಹುಟ್ಟಿದ್ದು ಇದು. ಹುಳು ಇದರ ಮೇಲೆ ಬೆಳೆಯುವುದಿಲ್ಲ. ವೈರಸ್ ಬಳ್ಳಿಗೆ ಬಂದೇ ಬರುತ್ತದೆ, ಆದರೂ ಕಾಯಿ ಕಚ್ಚುವುದು ತೀರಾ ಕೆಡುವುದಿಲ್ಲ. ಇದರ ಕೊರತೆ ಎಂದರೆ ಬೇರುಗಂಟು ಹುಳುವಿಗೆ ಇದು ಸೋಲುತ್ತದೆ. ವರದಿಯಲ್ಲಿ ಎರಡೂ ಹುಳು ಇದ್ದರೆ ಇದು ಸರಿಯಾದ ಆಯ್ಕೆ ಅಲ್ಲ. ಪ್ರಭೇದ ಗೊತ್ತಿಲ್ಲದೆ ರೂಟ್‌ಸ್ಟಾಕ್ ಆರಿಸಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಹಲವು ಹುಳುಗಳನ್ನು ಒಟ್ಟಿಗೆ ತಡೆಯಲೆಂದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರ 2008ರಲ್ಲಿ ಜಿಆರ್‌ಎನ್ 1ರಿಂದ 5ರವರೆಗಿನ ಐದು ರೂಟ್‌ಸ್ಟಾಕ್ ಬಿಡುಗಡೆ ಮಾಡಿತು. ಇವು ನಿಮ್ಮಲ್ಲಿ ಸಿಗುವುದಾದರೆ ಮೊದಲು ಕೆಲವು ಸಾಲಿಗೆ ಹಾಕಿ ನೋಡಿ. ಸುಣ್ಣದ ಅಂಶ, ಉಪ್ಪು, ಬರ ಇವಕ್ಕೆ ಒಂದೊಂದು ರೂಟ್‌ಸ್ಟಾಕ್ ಒಂದೊಂದು ಥರ. ಹುಳುವಿಗೆ ಗೆದ್ದದ್ದು ಉಪ್ಪು ನೀರಿಗೆ ಸೋಲಬಹುದು.

ನೆಡುವಾಗ ಕಸಿಯ ಗಂಟು ಮಣ್ಣಿನಿಂದ 10–15 ಸೆಂಟಿಮೀಟರ್ ಮೇಲಿರಲಿ. ಮಣ್ಣು ಏರಿಸುತ್ತಾ ಏರಿಸುತ್ತಾ ಕಸಿ ಮುಚ್ಚಿಹೋದರೆ ಮೇಲಿನ ತಳಿಯೇ ಬೇರು ಬಿಡುತ್ತದೆ. ಆಗ ದುಡ್ಡು ಕೊಟ್ಟು ತಂದ ರೂಟ್‌ಸ್ಟಾಕ್ ಇದ್ದೂ ಇಲ್ಲದಂತೆ.

ಹಂತ 6: ಸಸಿಯ ಜೊತೆ ಹುಳು ತರಬೇಡಿ

ಸಸಿ ಬಂದ ಕೂಡಲೇ ಕೆಲವನ್ನು ಚೀಲದಿಂದ ಬಿಡಿಸಿ ಬೇರು ತೊಳೆದು ನೋಡಿ. ಒಂದರಲ್ಲಿ ಗಂಟು ಕಂಡರೂ ಇಡೀ ಕಂತು ವಾಪಸು ಕಳಿಸಿ, ಇದರಲ್ಲಿ ಸಂಕೋಚ ಬೇಡ. ಚೀಲದ ಮಣ್ಣು ಎಲ್ಲಿಯದು ಎಂದು ಕೇಳಿ. ಪ್ರಮಾಣಪತ್ರ ಇರುವ, ವೈರಸ್ ಪರೀಕ್ಷೆ ಆದ ತಾಯಿ ಬಳ್ಳಿಯ ಸಸಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಅದು ನಷ್ಟವಲ್ಲ. ಮಣ್ಣಿಲ್ಲದ, ಸುಪ್ತಾವಸ್ಥೆಯ ಬೇರು ಸಸಿಗಳನ್ನು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು 5 ನಿಮಿಷ ಅದ್ದಿ ಹುಳು ಕೊಲ್ಲುವ ಕ್ರಮ ಇದೆ. ಇದನ್ನು ತಾಪಮಾನ ನಿಖರವಾಗಿ ಹಿಡಿಯುವ ತೊಟ್ಟಿ ಇರುವ ನರ್ಸರಿಯೇ ಮಾಡಬೇಕು. ಎರಡು ಡಿಗ್ರಿ ಹೆಚ್ಚಾದರೆ ಸಸಿಗೆ ಪೆಟ್ಟು, ಎರಡು ಡಿಗ್ರಿ ಕಡಿಮೆಯಾದರೆ ಹುಳು ಬದುಕುತ್ತದೆ.

ಹಂತ 7: ಇರುವ ತೋಟದಲ್ಲಿ ಬೇರಿಗೆ ಬಲ ಕೊಡುವುದು

ಹುಳು ಹಿಡಿದ ಬೇರಿಗೆ ಆಳದಿಂದ ನೀರು ಎಳೆಯುವ ಶಕ್ತಿ ಕಡಿಮೆ. ಒಂದೇ ಸಲ ಧಾರಾಳವಾಗಿ ಕೊಟ್ಟು ಮುಂದೆ ಹಲವು ದಿನ ಒಣಗಲು ಬಿಟ್ಟರೆ ಬಳ್ಳಿ ಕುಸಿಯುತ್ತದೆ. ಅದೇ ನೀರನ್ನು ಸ್ವಲ್ಪ ಸ್ವಲ್ಪ, ಹತ್ತಿರ ಹತ್ತಿರದ ಅಂತರದಲ್ಲಿ ಕೊಡಿ. ಗೊಬ್ಬರವೂ ಹಾಗೆಯೇ, ಡ್ರಿಪ್‌ನಲ್ಲಿ ಕಂತು ಕಂತಾಗಿ. ಸೊರಗಿದ ತೇಪೆಗೆ ಬೇರೆ ವಾಲ್ವ್ ಹಾಕಿಸಲು ಸಾಧ್ಯವಾದರೆ ಹಾಕಿಸಿ.

ಸೊರಗಿದ ಬಳ್ಳಿಯ ಮೇಲೆ ಪೂರ್ತಿ ಫಸಲು ಹೊರಿಸಬೇಡಿ. ಬೇರು ಬೆಳೆಯಲು ಸಕ್ಕರೆ ಬೇಕು. ಗೊಂಚಲುಗಳೆಲ್ಲ ಅದನ್ನು ಎಳೆದುಕೊಂಡರೆ ಹೊಸ ಬೇರು ಹುಟ್ಟುವುದಿಲ್ಲ, ಇರುವ ಬೇರನ್ನು ಹುಳು ಮುಗಿಸುತ್ತದೆ. ಅರ್ಧದಷ್ಟು ಗೊಂಚಲು ಕತ್ತರಿಸಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ಒಂದು ವರ್ಷದ ಕಾಯಿಯ ಆಸೆ ಬಿಟ್ಟರೆ ಮುಂದಿನ ವರ್ಷಗಳು ಉಳಿಯುತ್ತವೆ. ಸವರುವಾಗಲೂ ದುರ್ಬಲ ಬಳ್ಳಿಗೆ ಕಣ್ಣು ಕಡಿಮೆ ಬಿಡಿ.

ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಬೇವಿನ ಹಿಂಡಿ ಬುಡಕ್ಕೆ ಸೇರುತ್ತಾ ಇರಲಿ. ಮರಳು ಮಣ್ಣಿನಲ್ಲಿ ಇದು ತೇವ ಹಿಡಿಯುತ್ತದೆ, ಹುಳು ತಿನ್ನುವ ಜೀವಿಗಳಿಗೆ ನೆಲೆಯಾಗುತ್ತದೆ. ಸೂಕ್ಷ್ಮಜೀವಿ ಗೊಬ್ಬರಗಳಲ್ಲಿ ಪರ್ಪ್ಯುರಿಯೊಸಿಲಿಯಂ ಲಿಲಾಸಿನಂ ಎಂಬ ಶಿಲೀಂಧ್ರ ಮೊಟ್ಟೆಗೆ ಹತ್ತುತ್ತದೆ. ಹಳೆಯ ಪ್ಯಾಕೆಟ್‌ಗಳಲ್ಲಿ ಇದಕ್ಕೆ ಪೆಸಿಲೊಮೈಸಿಸ್ ಎಂಬ ಹೆಸರಿರುತ್ತದೆ. ಪೊಕೋನಿಯಾ, ಟ್ರೈಕೊಡರ್ಮಾ, ಸುಡೊಮೊನಾಸ್, ಬ್ಯಾಸಿಲಸ್ ಕೂಡ ಬಳಕೆಯಲ್ಲಿವೆ. ಪ್ಯಾಕೆಟ್ ತಂದು ಒಣ ಮಣ್ಣಿಗೆ ಎರಚಿದರೆ ಅವು ಬದುಕುವುದಿಲ್ಲ. ಒಂದು ಟನ್ ಚೆನ್ನಾಗಿ ಕಳಿತ ಗೊಬ್ಬರಕ್ಕೆ ಸುಮಾರು 2 ಕೆಜಿ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಎರಡು ವಾರ ಇಡಿ, ಮಧ್ಯೆ ಒಂದು ಸಲ ಮಗುಚಿ. ಆಮೇಲೆ ಬೇರು ಇರುವ ತೇವದ ಜಾಗಕ್ಕೆ ಹಾಕಿ ಮಣ್ಣು ಮುಚ್ಚಿ. ಇದರ ಫಲ ನಿಧಾನ. ಒಂದು ಸಲ ಹಾಕಿ ಕೈಬಿಡುವವರಿಗೆ ಇದು ಏನೂ ಕೊಡುವುದಿಲ್ಲ.

ಸಾಲಿನ ನಡುವಿನ ಕಳೆ, ಅಂತರ ಬೆಳೆ ಯಾವುದು ಎಂದು ಗಮನ ಇಡಿ. ಒಂದು ಹುಳುವಿಗೆ ಆಗದ ಬೆಳೆ ಇನ್ನೊಂದಕ್ಕೆ ಊಟ ಆಗಬಹುದು.

ಹಂತ 8: ರಾಸಾಯನಿಕ ಯಾವಾಗ

ಈ ವಿಷಯದಲ್ಲಿ ಹಳೆಯ ಕಥೆ ಗೊತ್ತಿರಬೇಕು. ಡಿಬಿಸಿಪಿ ಎಂಬ ಔಷಧಿ ದ್ರಾಕ್ಷಿ ಇರುವಾಗಲೇ ಮಣ್ಣಿಗೆ ಕೊಡಬಹುದಾದದ್ದು, ಬಹಳ ಜನಪ್ರಿಯವಾಗಿತ್ತು. 1977ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸುವ ಕಾರ್ಮಿಕರಿಗೆ ಮಕ್ಕಳಾಗದಂತಾಗಿದ್ದು ಬಯಲಾಯಿತು, ಬಳಕೆ ನಿಂತಿತು. ಅಂತರ್ಜಲದಲ್ಲಿ ಅದು ಆಮೇಲೂ ಬಹಳ ವರ್ಷ ಸಿಗುತ್ತಿತ್ತು. ಮಣ್ಣಿಗೆ ಅನಿಲ ಹಾಯಿಸುವ ಮಿಥೈಲ್ ಬ್ರೋಮೈಡ್ ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ ಎಂದು ಮಾಂಟ್ರಿಯಲ್ ಒಪ್ಪಂದದಡಿ ಹೋಯಿತು. ಮಣ್ಣಿಗೆ ಹಾಕಿದ್ದು ಬಾವಿಗೆ ಇಳಿಯುತ್ತದೆ, ಕೆಲಸ ಮಾಡುವವರ ಮೈಗೆ ಸೇರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಡಬ್ಬಿ ಮುಟ್ಟಬೇಕು.

ಈಗ ಬಂದಿರುವ ಫ್ಲುಯೋಪಿರಾಂ, ಫ್ಲುಯೆನ್‌ಸಲ್ಫೋನ್, ಫ್ಲುಅಜೈಂಡೋಲಿಜಿನ್ ಹಳೆಯವಷ್ಟು ಕಡು ವಿಷ ಅಲ್ಲ. ಸ್ಪೈರೊಟೆಟ್ರಾಮ್ಯಾಟ್ ಎಲೆಗೆ ಸಿಂಪಡಿಸಿದರೂ ಬೇರಿನವರೆಗೆ ಇಳಿಯುತ್ತದೆ. ನಿಮ್ಮ ದೇಶದಲ್ಲಿ ದ್ರಾಕ್ಷಿಗೆ ನೋಂದಣಿ ಇರುವುದನ್ನು ಮಾತ್ರ, ಲೇಬಲ್‌ನ ಪ್ರಮಾಣದಲ್ಲೇ, ಕೊಯ್ಲಿಗೆ ಮುಂಚಿನ ಅಂತರ ಪಾಲಿಸಿ ಬಳಸಿ. ಹಣ್ಣು ಹೊರದೇಶಕ್ಕೆ ಹೋಗುವುದಿದ್ದರೆ ಆ ದೇಶದ ಶೇಷದ ಮಿತಿಯನ್ನೂ ನೋಡಿ. ಫ್ಲುಯೋಪಿರಾಂ ಬೂದಿರೋಗಕ್ಕೂ ಕೊಡುವ ಔಷಧಿ. ಎರಡೂ ಬಳಕೆ ಸೇರಿಸಿ ಲೆಕ್ಕ ಇಡದಿದ್ದರೆ ಬೂದಿರೋಗ ಅದಕ್ಕೆ ಜಗ್ಗದಂತಾಗುತ್ತದೆ.

ಕೊಡುವ ಹೊತ್ತು ಮುಖ್ಯ. ಮೊಟ್ಟೆ ಚೀಲದೊಳಗಿನ ಹುಳುವಿಗೆ ಔಷಧಿ ಸರಿಯಾಗಿ ತಾಗುವುದಿಲ್ಲ. ಮರಿಗಳು ಹೊರಬಂದು ಹೊಸ ಬಿಳಿ ಬೇರು ಹುಡುಕುತ್ತಿರುವಾಗ ಕೊಡಬೇಕು. ಬಿಳಿ ಬೇರು ಬರುತ್ತಿದೆಯೇ ಎಂದು ಅಗೆದು ನೋಡಿ ತೀರ್ಮಾನಿಸಿ, ಕ್ಯಾಲೆಂಡರ್ ನೋಡಿ ಅಲ್ಲ. ಡ್ರಿಪ್‌ನಲ್ಲಿ ಮೊದಲು ಬರೀ ನೀರು ಬಿಟ್ಟು ಮಣ್ಣು ತೇವ ಮಾಡಿ, ನಡುವೆ ಔಷಧಿ ಕೊಟ್ಟು, ಕೊನೆಗೆ ಪೈಪ್ ತೊಳೆಯುವಷ್ಟು ನೀರು ಬಿಡಿ. ನೀರು ಜಾಸ್ತಿಯಾದರೆ ಔಷಧಿ ಬೇರು ದಾಟಿ ಕೆಳಗೆ ಹೋಗುತ್ತದೆ. ತೊಟ್ಟಿಕ್ಕುವ ರಂಧ್ರ ಕಟ್ಟಿಕೊಂಡಿದ್ದರೆ ಆ ಬಳ್ಳಿಗೆ ಏನೂ ತಲುಪುವುದಿಲ್ಲ. ಹಿಂದಿನ ದಿನವೇ ಲ್ಯಾಟರಲ್‌ಗಳನ್ನು (ಸಾಲಿನ ಉದ್ದಕ್ಕೂ ಹೋಗುವ ಡ್ರಿಪ್ ಪೈಪ್‌ಗಳನ್ನು) ತೆರೆದು ತೊಳೆದಿಡಿ.

ಪ್ರತಿ ಸಲ ಕೆಲವು ಸಾಲಿಗೆ ಔಷಧಿ ಕೊಡದೆ ಬಿಡಿ. ಆ ಸಾಲಿನ ವಾಲ್ವ್ ಮುಚ್ಚಿದರೆ ಸಾಕು. ಮುಂದಿನ ವರ್ಷ ಅದೇ ತಿಂಗಳಲ್ಲಿ ಕೊಟ್ಟ ಸಾಲಿನದ್ದು ಒಂದು ಮಾದರಿ, ಬಿಟ್ಟ ಸಾಲಿನದ್ದು ಒಂದು ಮಾದರಿ ತೆಗೆಸಿ. ಸವರಿದ ಕಡ್ಡಿಯನ್ನೂ ಎರಡು ಕಡೆ ಬೇರೆ ಬೇರೆ ತೂಗಿ ಬರೆದಿಡಿ, ಬಳ್ಳಿಯ ಬಲ ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎರಡೂ ಕಡೆ ಸಂಖ್ಯೆ ಒಂದೇ ಇದ್ದು ಕಡ್ಡಿಯ ತೂಕವೂ ಒಂದೇ ಇದ್ದರೆ ಆ ದುಡ್ಡನ್ನು ಮುಂದಿನ ನಾಟಿಯ ರೂಟ್‌ಸ್ಟಾಕ್‌ಗೆ ಎತ್ತಿಡಿ. ತೋಟದೊಳಗೆ ಕೆಲಸ ಮಾಡುವಾಗ ಮೊದಲು ಚೆನ್ನಾಗಿರುವ ಭಾಗ, ಕೊನೆಗೆ ತೇಪೆ ಇರುವ ಭಾಗ. ಅಲ್ಲಿಂದ ಹೊರಬರುವಾಗ ಟ್ರ್ಯಾಕ್ಟರ್ ಚಕ್ರ, ನೇಗಿಲು, ಗುದ್ದಲಿಯ ಮಣ್ಣನ್ನು ಅಲ್ಲೇ ನೀರು ಹೊಡೆದು ತೊಳೆಯಿರಿ.